ಶೂನ್ಯ ಟಿಕೆಟ್

ಮುಳಗುಂದ ನಾಕಾದಾಗ ಒಂದೂ ಹತ್ತಕ್ಕ
ಕೈ ಮಾಡತಾಳ ನಮ್ಮವ್ವ,
ಕೈಯಾಗ ಡಬ್ಬಿ, ಬಗಲಾಗ ನೀರಿನ ಬಾಟಲಿ.
ಮೊದಲೆಲ್ಲಾ ಕಿಡಕ್ಯಾಗಿಂದ ಕೊಟ್ಟು
ಬಸ್ಸಿನ ಸಂಗಾಟ ನಾಕು ಹೆಜ್ಜಿ ಓಡಿ ಒದರತಿದ್ಲು:
'ನೀಲಾ, ಪುಂಡಿಪಲ್ಲೆ ಐತಿ, ಚೆಲ್ಲಬ್ಯಾಡ!
ರಕ್ತ ಒಂಬತ್ತಕ್ಕ ಇಳದೈತಿ ಅಂದಾರ ಡಾಕ್ಟರು!'
ಬೆಟಗೇರಿ ಮಗ್ಗದ ಕುಣ್ಯಾಗ ಮೂವತ್ತು ವರ್ಷ ಕುಂತಾಕಿ,
ಆ ಗದ್ದಲದಾಗ ಮಾತಾಡಿ ಮಾತಾಡಿ
ದನಿ ಸಣ್ಣ ಮಾಡೂದು ಮರತಾಳ.
ಈಗ ಸೀಟಿನವರಿಗೆ, ನಿಂತವರಿಗೆ,
ಎಲ್ಲಾರಿಗೂ ಗೊತ್ತು ನನ್ನ ರಕ್ತದ ಲೆಕ್ಕ.
ಹುಲಕೋಟಿಗೆ ಇಳಿಯೂ ಮುದುಕಪ್ಪ ಒಬ್ಬಾಂವ
ಚಿಲ್ಲರೆ ಎಣಿಸಿಕೋತ ಕೇಳತಾನ:
'ಎಷ್ಟಾತು ತಂಗಿ, ಹತ್ತರ ಮ್ಯಾಲ ಹೋತೇನು?'

ಹೆಣ್ಣಮಕ್ಕಳ ಟಿಕೆಟ್ ಶೂನ್ಯ ಆದಮ್ಯಾಲ
ಆಕಿಗೆ ಬಸ್ಸಂದ್ರ ಮನಿ ಪಡಸಾಲಿ.
ಹತ್ತಿದ್ಲು. ನನ್ನ ಸೀಟಿನ ಹಿಂದ ಕುಂತ್ಲು.
'ಆಧಾರ್ ಕಾರ್ಡ್ ತೋರಸು' ಅಂದೆ, ನೇಮ ನೇಮನ.
'ಹಡದಾಕಿಗೆ ಕಾರ್ಡ್ ಕೇಳತಿ?'
'ಎಲ್ಲಿಗೆ?'
'ನೀ ಎಲ್ಲಿಗೆ ಉಂಡು ಮುಗಸ್ತಿ, ಅಲ್ಲಿಗೆ.'
ಅಣ್ಣಿಗೇರಿ ಅಂತ ಒತ್ತಿದೆ.
ಮಷಿನ್ ಕಿರ್ರಂತ ಒಂದು ಸೊನ್ನಿ ಉಗುಳಿತು.
ನೂರರ ನೋಟಿನಂಗ ಮಡಚಿ
ಕುಬಸದಾಗ ಇಟ್ಟುಕೊಂಡ್ಲು.

ನಾ ನಲವತ್ತೊಂದರಾಕಿ. ಬೂಟು ಹಾಕ್ತೇನಿ, ಸೀಟಿ ಊದತೇನಿ,
ಕುಡದು ಬಂದ ಗಂಡಸರನ್ನ ಕೊರಳಪಟ್ಟಿ ಹಿಡದು ಇಳಸೇನಿ.
ಅಂಥಾಕಿ ಕಂಬಕ್ಕ ಆತು
ರೊಟ್ಟಿ ಮುರದು ಬಾಯಾಗ ಇಟ್ಟರ ಹಿಂದಿನಿಂದ:
'ನುಂಗಬ್ಯಾಡ, ಅಗಿ.'
'ಮೊಸರು ಹಚ್ಚಿಕೋ.'
'ಚೀಲದಾಗ ಮಿರ್ಚಿ ವಾಸನಿ. ಮುಂಜಾನೆ ಮತ್ತ ಅದನ್ನ ತಿಂದಿ?'
ಮಾಬೂಸಾಬ ಕನ್ನಡಿಯಾಗ ನೋಡಿ ನಗತಾನ:
'ಉಣ್ಣವಾ ಲಗೂನ, ನೀ ಉಣ್ಣದ ಗೇರ್ ಬೀಳವಲ್ದು.'
'ಮತ್ತ ನೀರು? ಬಾಟಲಿ ಹಂಗ ಐತೆಲ್ಲ.
ನಿನ್ನೆನೂ ಹಂಗ ತಂದಿದ್ದಿ.
ನೀರಿಗೂ ರೊಕ್ಕ ಬೀಳತೈತೇನು ನಿನಗ?'

ನೀರಿನ ಮಾತು ಬಂದರ ನಾ ಯಾವಾಗಲೂ
ಟಿಕೆಟ್ ಟಿಕೆಟ್ ಅಂತ ಮುಂದ ಹೋಗತೇನಿ.
ಇಷ್ಟು ಮಂದಿ ನಡುವ ಹೆಂಗ ಹೇಳೂದು?
ಗದಗ ಬಿಟ್ಟರ ಹುಬ್ಬಳ್ಳಿ, ಹುಬ್ಬಳ್ಳಿ ಬಿಟ್ಟರ ಗದಗ,
ನಡುವ ಎರಿ ಹೊಲ, ಕಡ್ಲಿ, ಉಳ್ಳಾಗಡ್ಡಿ,
ಮೊಣಕಾಲ ಮಟ್ಟದ ಬೆಳಿ. ಒಂದು ಮರೆ ಇಲ್ಲ.
ಮಾಬೂಸಾಬಗ ಯಾವ ಬೇಲಿ ಆದರೂ ನಡೀತೈತಿ.
ನಾ ಮುಂಜಾನೆ ಕುಡದ ಅರ್ಧ ಕಪ್ ಚಾ
ಸಂಜೀತನಕ ಜ್ವಾಪಾನ ಹಿಡಕೊಂಡಿರತೇನಿ,
ಕ್ಯಾಶ್ ಬ್ಯಾಗಿನಂಗ.

ಎಂಟು ದಿನ ನೋಡಿದ್ಲು ಅವ್ವ.
ಒಂಬತ್ತನೇ ದಿನ ನೀರಿನ ಮಾತ ಎತ್ತಲಿಲ್ಲ.
ಅಣ್ಣಿಗೇರಿಯೊಳಗ ಇಳದು
ಸ್ಟ್ಯಾಂಡಿನ ಹಿಂದಕ ಹೋಗಿ
ಕೀಲಿ ಹಾಕಿದ ಬಾಗಲಾ ಎರಡು ಸಲ ಜಗ್ಗಿದ್ದು
ಹಿಂದಿನ ಕಿಡಕ್ಯಾಗ ಕಂಡಿತು.
ಆಮ್ಯಾಲ ಸೆರಗು ನಡಕ್ಕ ಸಿಗಿಸಿ ನಿಂತ್ಲು,
ಬೈಯಾಕ ಯಾರರ ಸಿಗತಾರೇನು ಅಂತ
ಅತ್ತಿತ್ತ ನೋಡಿಕೋತ.
ನಾ ಸೀಟಿ ಊದಿದೆ.

ಸೋಮವಾರ, ಡಬ್ಬಿ ಕೊಡೂಕಿಂತ ಮೊದಲ
ಕಿವಿಯಾಗ ಹೇಳಿದ್ಲು,
ಆಕಿ ಕಿವಿಯಾಗ ಅಂದರ ಆರು ಸೀಟಿಗೆ ಕೇಳತೈತಿ:
'ಸ್ಟ್ಯಾಂಡಿನ ಎದುರಿಗೆ ಹಿಟ್ಟಿನ ಗಿರಣಿ, ಅದರ ಬಾಜೂಕ
ಹಸರು ಬಾಗಲಾ. ಹೊಲಿಗಿ ಹಜರಂಬಿ ಮನಿ.
ಒಂದೂ ಮುಕ್ಕಾಲಕ್ಕ ಚಿಲಕ ಹಾಕಂಗಿಲ್ಲ ಆಕಿ.
ಸೀದಾ ಹಿತ್ತಲಕ್ಕ ಹೋಗು, ಬಕೀಟ ತುಂಬಿರತೈತಿ.
ಎರಡು ಡಜನ್ ಹಪ್ಪಳ ಕೊಟ್ಟು ಬಂದೇನಿ.
ಮಾಬೂಸಾಬಗೂ ಹೇಳೇನಿ, ಐದು ಮಿನಿಟು ಚಾ ಕುಡೀತಾನ.
ಇನ್ನರ ಕುಡಿ.'

ಮುದುಕಪ್ಪ ಕಿಡಕಿ ಹೊರಗ ನೋಡಾಕ ಹತ್ತಿದ,
ಏನೂ ಕೇಳಿಸದವರಂಗ.
ನಾ ಬಾಟಲಿ ಎತ್ತಿದೆ.
ಹುಲಕೋಟಿ ಬರೂದರೊಳಗ ಅರ್ಧ ಇಳೀತು.

'ಗಟಗಟ ಕುಡೀಬ್ಯಾಡ' ಅಂದ್ಲು ಹಿಂದಿನಿಂದ,
'ನೆತ್ತಿಗೇರತೈತಿ.'